ಮೈ ತಿದ್ದಿದ ಕಾರುಗಳು: ಒಂದು ಅಮೆರಿಕನ್ ಕೈಕಸುಬಿನ ಚರಿತ್ರೆ

ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೆಯ ಶನಿವಾರ, ಡೆಟ್ರಾಯಿಟ್ ನಗರದಿಂದ ವಾಯವ್ಯಕ್ಕೆ ಚಾಚಿಕೊಂಡಿರುವ ವುಡ್‌ವರ್ಡ್ ರಸ್ತೆಯ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳುವುದು ನನ್ನ ಹಳೆಯ ಅಭ್ಯಾಸ. 1995ರಲ್ಲಿ ಆರಂಭವಾದ ಹಳೆಯ ಕಾರುಗಳ ಈ ಮೆರವಣಿಗೆಯನ್ನು ನಾನು ನಮ್ಮ ಜಂಬೂಸವಾರಿಗೆ ಹೋಲಿಸಿದಾಗಲೆಲ್ಲ ಮನೆಯವರು ನಗುತ್ತಾರೆ. ಆದರೆ ಗಂಟೆಗಟ್ಟಲೆ ನಿಂತು ನೋಡುವ ಜನರ ಮುಖದಲ್ಲಿ ನಾನು ಬಾಲ್ಯದಲ್ಲಿ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕಂಡ ಭಕ್ತಿಯೇ ಕಾಣುತ್ತದೆ.

ಹಂಪಿಯ ಶಿಲ್ಪವನ್ನೋ ವಚನ ಸಾಹಿತ್ಯವನ್ನೋ ಕುರಿತ ಲೇಖನವನ್ನು ಇಂಥ ಸ್ಮರಣ ಸಂಚಿಕೆಯಲ್ಲಿ ನಿರೀಕ್ಷಿಸುವ ಪ್ರತಿನಿಧಿ ಬಂಧುಗಳಿಗೆ ಈ ವಿಷಯ ತುಸು ವಿಚಿತ್ರವೆನಿಸಬಹುದು. ಆದರೆ ನಾವು ಬಂದು ನೆಲೆಸಿದ ನಾಡಿಗೂ ಒಂದು ಜಾನಪದ ಕಲೆಯಿದೆ. ಅದರ ಮಾಧ್ಯಮ ಉಕ್ಕಿನ ತಗಡು. ಉಪಕರಣ ಸುತ್ತಿಗೆ, ಅರ, ಬೆಸುಗೆಯ ಜ್ವಾಲೆ. ಕಾರ್ಖಾನೆಯಿಂದ ಬಂದ ಕಾರಿನ ಮೈಯನ್ನು ಕತ್ತರಿಸಿ, ತಗ್ಗಿಸಿ, ಉಬ್ಬಿಸಿ, ತನ್ನ ಮನಸ್ಸಿನಲ್ಲಿದ್ದ ಆಕಾರಕ್ಕೆ ತರುವ ಈ ಕಸುಬಿನ ಚರಿತ್ರೆಯನ್ನು, ವಿಶೇಷವಾಗಿ ‘ಮಸಲ್ ಕಾರ್’ ಎಂದು ಹೆಸರಾದ ಬಲಶಾಲಿ ಕಾರುಗಳ ಸಂದರ್ಭದಲ್ಲಿ, ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದ್ದೇನೆ. ವೃತ್ತಿಯಿಂದ ನಾನು ಲೋಹದ ತಗಡು ಒತ್ತುವ ಶಾಖೆಯ ಎಂಜಿನಿಯರ್. ನನ್ನ ಮನೆಯ ಗ್ಯಾರೇಜಿನಲ್ಲಿ 1969ರ ಮಸ್ಟಂಗ್ ಒಂದಿದೆ. ಅದರ ಬಗ್ಗೆ ಮನೆಯಲ್ಲಿ ಎದ್ದ ಒಂದು ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಚಾಸಿ ಒಂದು, ಬಾಡಿ ಇನ್ನೊಂದು

ನನ್ನ ಸೋದರಮಾವನ ಊರಾದ ದಾವಣಗೆರೆಯಲ್ಲಿ ಬೇಸಿಗೆ ರಜೆ ಕಳೆಯುತ್ತಿದ್ದ ದಿನಗಳಲ್ಲಿ, ಪಿ.ಬಿ. ರಸ್ತೆಯ ಮೇಲೆ ಬರಿಯ ಚಾಸಿಗಳು ಸಾಲಾಗಿ ಹೋಗುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಮೈಯಿಲ್ಲದ ಲಾರಿ, ಮುಂದೆ ಒಂದು ಎಂಜಿನ್, ಹಿಂದೆ ಎರಡು ಉದ್ದನೆಯ ಉಕ್ಕಿನ ತೊಲೆ, ಹಲಗೆಯ ಆಸನದ ಮೇಲೆ ತಲೆಗೆ ಟವೆಲ್ ಸುತ್ತಿ ಕಪ್ಪು ಕನ್ನಡಕ ಹಾಕಿಕೊಂಡ ಚಾಲಕ. ಲಾರಿಗೆ ‘ಬಾಡಿ ಕಟ್ಟುವ’ ಕೆಲಸ ನಡೆಯುತ್ತಿದ್ದುದು ಊರಿನ ಶೆಡ್ಡುಗಳಲ್ಲಿ. ಬಡಗಿಯೂ ಕಮ್ಮಾರನೂ ಬಣ್ಣದವನೂ ಸೇರಿ ಮಾಲೀಕನ ಇಷ್ಟದಂತೆ ಅದಕ್ಕೊಂದು ರೂಪ ಕೊಡುತ್ತಿದ್ದರು. ಒಂದೇ ಕಾರ್ಖಾನೆಯ ಎರಡು ಲಾರಿಗಳು ಒಂದೇ ರೀತಿ ಕಾಣುತ್ತಿರಲಿಲ್ಲ.

ಅಮೆರಿಕದ ಆರಂಭಕಾಲದ ಐಷಾರಾಮಿ ಕಾರುಗಳ ಕಥೆಯೂ ಇದೇ. ಸಿರಿವಂತರು ಚಾಸಿಯನ್ನು ಕೊಂಡು, ಹಿಂದೆ ಕುದುರೆ ಸಾರೋಟು ಕಟ್ಟುತ್ತಿದ್ದ ಕುಶಲಕರ್ಮಿಗಳಿಂದಲೇ ಅದಕ್ಕೆ ಮೈ ಕಟ್ಟಿಸಿಕೊಳ್ಳುತ್ತಿದ್ದರು. ಲಾಸ್ ಏಂಜಲೀಸಿನಲ್ಲಿ ಸಾರೋಟು ಕಟ್ಟುತ್ತಿದ್ದ ಒಬ್ಬನ ಮಗನಾದ ಹಾರ್ಲಿ ಅರ್ಲ್ ಹಾಲಿವುಡ್ ನಟರಿಗೆ ವಿಶೇಷ ಕಾರುಗಳನ್ನು ರೂಪಿಸಿ ಹೆಸರು ಮಾಡಿದವನು. 1927ರಲ್ಲಿ ಅವನು ರೂಪಿಸಿದ ಲಾಸಾಲ್ ಕಾರು ಜನಮನ್ನಣೆ ಪಡೆದು, ಜನರಲ್ ಮೋಟರ್ಸ್ ಸಂಸ್ಥೆ ಅದೇ ವರ್ಷ ಅವನಿಗಾಗಿ ರೂಪ ಮತ್ತು ವರ್ಣಗಳ ಒಂದು ಪ್ರತ್ಯೇಕ ವಿಭಾಗವನ್ನೇ ತೆರೆಯಿತು. ಕಾರಿನ ಆಕಾರವನ್ನು ಪೂರ್ಣಪ್ರಮಾಣದ ಜೇಡಿಮಣ್ಣಿನಲ್ಲಿ ತಿದ್ದಿ ನೋಡುವ ಪದ್ಧತಿಯನ್ನು ಉದ್ಯಮದಲ್ಲಿ ನೆಲೆಗೊಳಿಸಿದವನೂ ಅವನೇ.

ಒತ್ತುಯಂತ್ರಗಳು ಬೆಳೆದು ಇಡಿಯ ಮೈಯನ್ನು ಉಕ್ಕಿನ ತಗಡಿನಲ್ಲಿ ಅಚ್ಚೊತ್ತತೊಡಗಿದ ಮೇಲೆ, ಅದರ ಜೊತೆಗೇ 1930ರ ದಶಕದ ಆರ್ಥಿಕ ಕುಸಿತವೂ ಬಂದ ಮೇಲೆ, ಬೇರೆಯಾಗಿ ಬಾಡಿ ಕಟ್ಟುವ ಕಸುಬು ಕ್ಷೀಣಿಸಿತು. ಇನ್ನು ಮುಂದೆ ತನ್ನದೇ ಆಕಾರ ಬೇಕೆನ್ನುವವನು ಕಾರ್ಖಾನೆ ಕೊಟ್ಟ ಮೈಯನ್ನೇ ಕತ್ತರಿಸಬೇಕಾಯಿತು. ನಾವು ಹೇಳಹೊರಟಿರುವ ಕಲೆ ಹುಟ್ಟಿದ್ದು ಈ ಅನಿವಾರ್ಯತೆಯಿಂದ.

ಸೀಸದ ಜಾರುಬಂಡಿಗಳು

ಎರಡನೆಯ ಮಹಾಯುದ್ಧ ಮುಗಿದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯದ ಸಣ್ಣ ಗ್ಯಾರೇಜುಗಳಲ್ಲಿ ಈ ಕಸುಬು ಹೊಸ ಹುರುಪು ಪಡೆಯಿತು. ಅಲ್ಲಿನ ಹೆಸರುಗಳಲ್ಲಿ ಜಾರ್ಜ್ ಬ್ಯಾರಿಸ್ ಮತ್ತು ಸ್ಯಾಮ್ ಬ್ಯಾರಿಸ್ ಸೋದರರದು ಮುಖ್ಯ. ಗ್ರೀಕ್ ಮೂಲದ ಕುಟುಂಬದ ಈ ಅಣ್ಣತಮ್ಮಂದಿರು ಚಿಕ್ಕಂದಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಕ್ಯಾಲಿಫೋರ್ನಿಯದ ಬಂಧುಗಳ ಮನೆಯಲ್ಲಿ ಬೆಳೆದವರು. ‘ಕಸ್ಟಮ್’ ಎಂಬ ಇಂಗ್ಲಿಷ್ ಪದದ ಮೊದಲ ಅಕ್ಷರವನ್ನು ‘ಸಿ’ಯಿಂದ ‘ಕೆ’ಗೆ ಬದಲಿಸಿ ತಮ್ಮ ಅಂಗಡಿಯ ಫಲಕ ಬರೆಸಿದರು. ಆ ಕಾಗುಣಿತ ದೋಷವೇ ಇಡೀ ಪಂಥದ ಗುರುತಾಗಿ ಉಳಿಯಿತು. ಮಾತಿನಲ್ಲಿ, ಪ್ರಚಾರದಲ್ಲಿ ಜಾರ್ಜ್ ಮುಂದು. ತಗಡಿನ ಕೆಲಸದಲ್ಲಿ ಸ್ಯಾಮನ ಕೈ ಮೇಲು.

ಅವರು ಮಾಡುತ್ತಿದ್ದುದಾದರೂ ಏನು? ಮುಖ್ಯವಾಗಿ ಚಾವಣಿಯನ್ನು ತಗ್ಗಿಸುವುದು. ಕಿಟಕಿಗಳ ನಡುವಿನ ಕಂಬಗಳನ್ನು ಕೆಲವು ಅಂಗುಲ ಕತ್ತರಿಸಿ ತೆಗೆದು ಚಾವಣಿಯನ್ನು ಕೆಳಗಿಳಿಸುವುದೆಂದರೆ ಹೇಳಲು ಸುಲಭ. ಆದರೆ ಕಂಬಗಳು ನೇರವಾಗಿ ನಿಂತಿರುವುದಿಲ್ಲ, ಒಳಕ್ಕೆ ವಾಲಿರುತ್ತವೆ. ಚಾವಣಿ ಕೆಳಗಿಳಿದೊಡನೆ ಮೇಲಿನ ತುಂಡೂ ಕೆಳಗಿನ ತುಂಡೂ ಒಂದನ್ನೊಂದು ಕೂಡುವುದಿಲ್ಲ. ಆಗ ಚಾವಣಿಯನ್ನೇ ಸೀಳಿ ಉದ್ದ ಮಾಡಬೇಕು, ಇಲ್ಲವೆ ಕಂಬಗಳನ್ನು ಇನ್ನಷ್ಟು ಬಾಗಿಸಬೇಕು. ಗಾಜುಗಳನ್ನೂ ಹೊಸದಾಗಿ ಕತ್ತರಿಸಬೇಕು. ಒಂದು ಗೆರೆಯನ್ನು ಮುಟ್ಟಿದವನು ಉಳಿದೆಲ್ಲ ಗೆರೆಗಳಿಗೂ ಉತ್ತರ ಹೇಳಬೇಕಾಗುತ್ತದೆ ಎಂಬ ಪಾಠವನ್ನು ಈ ಕಸುಬು ಮೊದಲ ದಿನವೇ ಕಲಿಸುತ್ತದೆ.

ಬೆಸೆದ ಸಂದುಗಳನ್ನು ಮುಚ್ಚಲು ಅವರು ಬಳಸುತ್ತಿದ್ದುದು ಸೀಸ ಮತ್ತು ತವರದ ಮಿಶ್ರಲೋಹವನ್ನು. ನೂರರಲ್ಲಿ 70 ಪಾಲು ಸೀಸ, 30 ಪಾಲು ತವರ ಬೆರೆತ ಈ ಲೋಹ 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೆತ್ತಗಾಗತೊಡಗಿ, ಪೂರ್ಣ ನೀರಾಗುವ ಮುನ್ನ ಬಹಳ ಹೊತ್ತು ಬೆಣ್ಣೆಯಂತೆ ಇರುತ್ತದೆ. ಆ ಅವಧಿಯಲ್ಲಿ ಮೇಣ ಸವರಿದ ಮರದ ಪಟ್ಟಿಯಿಂದ ಅದನ್ನು ನೇರ ನಿಂತ ತಗಡಿನ ಮೇಲೂ ಹರಡಬಹುದು. ತಣಿದ ಮೇಲೆ ಅರದಿಂದ ಕೆರೆದು ನಯಗೊಳಿಸುತ್ತಾರೆ. ಉಜ್ಜುಕಾಗದ ಹಚ್ಚುವಂತಿಲ್ಲ, ಸೀಸದ ಧೂಳು ವಿಷ. ಮಿತಿಮೀರಿ ಸೀಸ ಬಳಿದ, ತಗ್ಗಿಸಿದ ಆ ಕಾರುಗಳನ್ನು ಜನ ‘ಸೀಸದ ಜಾರುಬಂಡಿ’ ಎಂದು ಹಾಸ್ಯಮಾಡಿದರು. 1950ರ ದಶಕದಲ್ಲಿ ಪಾಲಿಯೆಸ್ಟರ್ ರಾಳದ ಪುಟ್ಟಿ ಬಂದಮೇಲೆ ಕೆಲಸ ಅಗ್ಗವಾಯಿತು, ಸುಲಭವಾಯಿತು; ಕೆಟ್ಟ ಕೆಲಸವನ್ನು ಮರೆಮಾಚುವುದೂ ಸುಲಭವಾಯಿತು.

ಆ ಯುಗದ ಶಿಖರವೆಂದು ಬಹುಮಂದಿ ಒಪ್ಪುವ ಕಾರು 1951ರ ಒಂದು ಮರ್ಕ್ಯುರಿ. ಬಾಬ್ ಹಿರೋಹಾಟ ಎಂಬ ಜಪಾನೀ ಮೂಲದ ತರುಣನಿಗಾಗಿ ಬ್ಯಾರಿಸ್ ಸೋದರರು 1952ರಲ್ಲಿ ಅದರ ಚಾವಣಿ ತಗ್ಗಿಸಿ, ಬಾಗಿಲಿನ ಹಿಂದಿನ ಕಂಬವನ್ನೇ ತೆಗೆದುಹಾಕಿ, ಪಕ್ಕೆಗಳಿಗೆ ಬ್ಯೂಕ್ ಕಾರಿನ ಹೊಳೆಯುವ ಪಟ್ಟಿ, ಹಿಂಬದಿಗೆ ಲಿಂಕನ್ ಕಾರಿನ ದೀಪಗಳನ್ನು ಜೋಡಿಸಿದರು. ಹಿರೋಹಾಟ ಅದನ್ನು ಮಾರಿದ ಮೇಲೆ ಕಾರು ಕೈಯಿಂದ ಕೈಗೆ ಹೋಗಿ, 1959ರಲ್ಲಿ ಹದಿಹರೆಯದ ಹುಡುಗನೊಬ್ಬನಿಗೆ 500 ಡಾಲರಿಗೆ ಸಿಕ್ಕಿತು. ಅವನು ಜೀವಮಾನವಿಡೀ ಅದನ್ನು ಉಳಿಸಿಕೊಂಡು, ಕೊನೆಗೆ ಬ್ಯಾರಿಸ್ ಸೋದರರು ಬಿಟ್ಟ ಸ್ಥಿತಿಗೇ ಮರಳಿ ತಂದ. 2022ರ ಜನವರಿಯಲ್ಲಿ ನಡೆದ ಹರಾಜಿನಲ್ಲಿ ಅದಕ್ಕೆ ಸುಮಾರು 20 ಲಕ್ಷ ಡಾಲರು ಬೆಲೆ ಬಂತು. ಗಮನಿಸಬೇಕಾದ ಸಂಗತಿಯೆಂದರೆ, ಅದನ್ನು ಮರ್ಕ್ಯುರಿ ಕಾರ್ಖಾನೆಯ ‘ಮೂಲ’ರೂಪಕ್ಕೆ ತರಬೇಕೆಂದು ಇಂದು ಯಾರೂ ಹೇಳುವುದಿಲ್ಲ. ತಿದ್ದುಪಡಿಯೇ ಅಲ್ಲಿ ಮೂಲವಾಗಿದೆ.

ಬಲದ ಯುಗ, ಸುಳ್ಳು ಬಾಯಿಗಳು

1964ರಲ್ಲಿ ಪಾಂಟಿಯಾಕ್ ಸಂಸ್ಥೆ ತನ್ನ ಟೆಂಪೆಸ್ಟ್ ಎಂಬ ಮಧ್ಯಮ ಗಾತ್ರದ ಕಾರಿನಲ್ಲಿ 389 ಘನ ಅಂಗುಲದ ದೊಡ್ಡ ಎಂಜಿನ್ ಕೂರಿಸಿ ‘ಜಿ.ಟಿ.ಓ.’ ಎಂಬ ಹೆಸರಿನಲ್ಲಿ ಮಾರಿತು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬುದು ಮಾತೃಸಂಸ್ಥೆಯ ನಿಯಮ. ಅದನ್ನು ಹೆಚ್ಚುವರಿ ಆಯ್ಕೆಯ ಸಾಮಗ್ರಿ ಎಂದು ಕರೆದು ನಿಯಮವನ್ನು ಜಾಣತನದಿಂದ ದಾಟಿದರು. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಮಸಲ್ ಕಾರಿನ ಯುಗ ಇಲ್ಲಿಂದ ಆರಂಭವಾಯಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

ಈ ಯುಗದಲ್ಲಿ ಮೈಯ ವಿನ್ಯಾಸಕ್ಕೆ ಒಂದು ಹೊಸ ಸಮಸ್ಯೆ ಎದುರಾಯಿತು. ಒಳಗೆ ಎಷ್ಟೇ ಬಲವಿರಲಿ, ಹೊರಗಿನ ತಗಡು ಪಕ್ಕದ ಮನೆಯ ಗುಮಾಸ್ತರ ಅಗ್ಗದ ಕಾರಿನದೇ. ಈ ಬಲವನ್ನು ಹೊರಗೆ ತೋರಿಸುವುದು ಹೇಗೆ? ಜಿ.ಟಿ.ಓ.ದ ಬಾನೆಟ್ ಮೇಲೆ ಗಾಳಿ ಒಳಗೆಳೆಯುವ ಬಾಯಿಯಂಥ ಎರಡು ಉಬ್ಬುಗಳನ್ನಿಟ್ಟರು. ಆದರೆ 1964ರ ಆ ಬಾಯಿಗಳು ಮುಚ್ಚಿದ್ದವು. ಗಾಳಿ ಅವುಗಳ ಮೂಲಕ ಒಳಹೋಗುತ್ತಿರಲಿಲ್ಲ. ಅನಂತರದ ಹತ್ತು ವರ್ಷಗಳಲ್ಲಿ ಇಂಥ ಸುಳ್ಳು ಬಾಯಿಗಳು ನೂರಾರು ಬಗೆಯಲ್ಲಿ ಹುಟ್ಟಿಕೊಂಡವು. ಮೈ ತಿದ್ದುವ ವಿನ್ಯಾಸಕನ ಮುಂದಿರುವ ಮೊದಲ ಪ್ರಶ್ನೆ ಇಂದಿಗೂ ಇದೇ: ಈ ಉಬ್ಬು ಏನಾದರೂ ಕೆಲಸ ಮಾಡುತ್ತದೆಯೋ, ಕೇವಲ ಅಬ್ಬರವೋ?

ಕೆಲಸಕ್ಕೆ ಬರುವ ತಿದ್ದುಪಡಿಗೆ ಒಳ್ಳೆಯ ಉದಾಹರಣೆ ಕ್ಯಾರಲ್ ಶೆಲ್ಬಿಯ ಮಸ್ಟಂಗ್‌ಗಳು. ಮಾಜಿ ರೇಸ್ ಚಾಲಕನಾದ ಶೆಲ್ಬಿ 1965ರಿಂದ ಫೋರ್ಡ್ ಕೊಡುತ್ತಿದ್ದ ಮಸ್ಟಂಗ್‌ಗಳನ್ನು ಲಾಸ್ ಏಂಜಲೀಸಿನಲ್ಲಿ ತಿದ್ದಿ ಮಾರುತ್ತಿದ್ದ. 1967ರ ಮಾದರಿಗೆ ಉದ್ದನೆಯ ಮೂತಿ, ಹೊಸ ಬಾನೆಟ್, ತುದಿ ಮೇಲೆದ್ದ ಡಿಕ್ಕಿಯ ಮುಚ್ಚಳ ಇವೆಲ್ಲವನ್ನೂ ಫೈಬರ್‌ಗ್ಲಾಸಿನಲ್ಲಿ ಮಾಡಿಸಿದ. ಪಕ್ಕೆಯ ಕೆಳಬಾಯಿಗಳು ಹಿಂಚಕ್ರದ ಬ್ರೇಕುಗಳಿಗೆ ಗಾಳಿ ಒಯ್ಯುತ್ತಿದ್ದವು. ಹಿಂದಿನ ಅಗಲ ದೀಪಗಳನ್ನು ಮರ್ಕ್ಯುರಿ ಕೂಗರ್ ಕಾರಿನಿಂದ ಎರವಲು ತಂದ. ಉಕ್ಕಿನ ಅಚ್ಚು ಮಾಡಿಸಲು ಲಕ್ಷಾಂತರ ಡಾಲರು ಬೇಕು. ಫೈಬರ್‌ಗ್ಲಾಸಿನ ಅಚ್ಚು ಬಹಳ ಅಗ್ಗ. ಸಣ್ಣ ಸಂಖ್ಯೆಯ ಕಾರುಗಳಿಗೆ ಹೊಸ ಮುಖ ಕೊಡುವ ಈ ದಾರಿಯನ್ನೇ ಇಂದಿನ ಸಣ್ಣ ಗ್ಯಾರೇಜುಗಳೂ ಹಿಡಿದಿವೆ.

ಗಾಳಿ ಬರೆದ ತೀರ್ಪು

1968ರ ಡಾಡ್ಜ್ ಚಾರ್ಜರ್ ನೋಡಲು ಅತ್ಯಂತ ಸುಂದರ ಕಾರು ಎಂಬುದರಲ್ಲಿ ಎರಡು ಮಾತಿಲ್ಲ. ಸೊಂಟದಲ್ಲಿ ಕಿರಿದಾಗಿ ಚಕ್ರಗಳ ಮೇಲೆ ಉಬ್ಬುವ ಪಕ್ಕೆ, ಗುಹೆಯಂತೆ ಒಳಸರಿದ ಗ್ರಿಲ್, ಎರಡು ಇಳಿಜಾರು ಕಂಬಗಳ ನಡುವೆ ಹುದುಗಿದ ಹಿಂಗಾಜು. ಆದರೆ ಓಟದ ಕಣದಲ್ಲಿ ಈ ಚೆಲುವೇ ಶತ್ರುವಾಯಿತು. ಒಳಸರಿದ ಗ್ರಿಲ್ ಬಕೆಟ್ಟಿನಂತೆ ಗಾಳಿಯನ್ನು ಹಿಡಿಯುತ್ತಿತ್ತು. ಹುದುಗಿದ ಹಿಂಗಾಜಿನ ಮೇಲೆ ಸುಳಿಗಾಳಿ ಎದ್ದು ಕಾರಿನ ಬೆನ್ನನ್ನು ಮೇಲೆತ್ತುತ್ತಿತ್ತು. 1969ರ ‘ಚಾರ್ಜರ್ 500’ ಮಾದರಿಯಲ್ಲಿ ಗ್ರಿಲ್ಲನ್ನು ಮುಂದಕ್ಕೆ ತಂದು, ಹಿಂಗಾಜಿನ ಗುಂಡಿಯನ್ನು ತಗಡಿನಿಂದ ಮುಚ್ಚಿ ಗಾಜನ್ನು ಕಂಬಗಳ ಸಮಕ್ಕೆ ಎತ್ತಿದರು. ಅದೂ ಸಾಲದೆ ಬಂದಾಗ ಅದೇ ವರ್ಷ ‘ಡೇಟೋನ’ ಸಿದ್ಧವಾಯಿತು. ಮುಂದೆ ಸುಮಾರು 18 ಅಂಗುಲದ ಚೂಪು ಮೂತಿ, ಹಿಂದೆ ಶಾಂತಗಾಳಿಯನ್ನು ಮುಟ್ಟುವಂತೆ 23 ಅಂಗುಲ ಎತ್ತರಕ್ಕೆ ನಿಂತ ರೆಕ್ಕೆ. ಸ್ಪರ್ಧೆಯ ನಿಯಮದಂತೆ ಸಾರ್ವಜನಿಕರಿಗೆ ಮಾರಲು 500 ಕಾರು ಬೇಕಿತ್ತು, 503 ತಯಾರಾದವು. 1970ರ ಮಾರ್ಚ್ 24ರಂದು ಟ್ಯಾಲಡೀಗದ ಓಟದ ಪಥದಲ್ಲಿ ಬಡ್ಡಿ ಬೇಕರ್ ಇಂಥದೊಂದು ಕಾರನ್ನು ಗಂಟೆಗೆ 200.447 ಮೈಲಿ ವೇಗದಲ್ಲಿ ಓಡಿಸಿ, ಸುತ್ತುಪಥದಲ್ಲಿ 200 ಮೈಲಿ ದಾಟಿದ ಮೊದಲಿಗನಾದ.

1970ರಲ್ಲಿ ಸೋದರ ಸಂಸ್ಥೆಯಾದ ಪ್ಲಿಮತ್ ‘ಸೂಪರ್‌ಬರ್ಡ್’ ಎಂಬ ರೆಕ್ಕೆಯ ಕಾರನ್ನು ಹೊರತಂದಾಗ ನಿಯಮ ಬಿಗಿಯಾಗಿತ್ತು; ಪ್ರತಿ ಇಬ್ಬರು ವಿತರಕರಿಗೆ ಒಂದರಂತೆ ಕಾರು ತಯಾರಿಸಬೇಕಿತ್ತು. 1,900ಕ್ಕೂ ಹೆಚ್ಚು ಕಾರುಗಳನ್ನು ಅವಸರದಲ್ಲಿ ಮುಗಿಸಬೇಕಾಯಿತು. ಹಿಂಗಾಜಿನ ಸುತ್ತ ಹೊಸ ತಗಡು ಬೆಸೆದ ಸಂದನ್ನು ಅರದಿಂದ ನಯಗೊಳಿಸಿ ಬಣ್ಣಕ್ಕೆ ಸಿದ್ಧಪಡಿಸಲು ಸಮಯವೂ ಇಲ್ಲ, ಹಣವೂ ಇಲ್ಲ. ಆದ್ದರಿಂದ ಚಾವಣಿಗೆಲ್ಲ ಕಪ್ಪು ವಿನೈಲ್ ಹೊದಿಕೆ ಅಂಟಿಸಿ ಬೆಸುಗೆಯನ್ನು ಮರೆಮಾಡಿದರು! 1971ರಲ್ಲಿ ರೆಕ್ಕೆಯ ಕಾರುಗಳ ಎಂಜಿನ್ 305 ಘನ ಅಂಗುಲ ಮೀರಬಾರದೆಂಬ ನಿಯಮ ಬಂದು ಅವುಗಳ ಓಟ ನಿಂತಿತು. ಮಾರಾಟವಾಗದೆ ಉಳಿದ ಕೆಲವು ಸೂಪರ್‌ಬರ್ಡ್‌ಗಳ ಮೂತಿ, ರೆಕ್ಕೆಗಳನ್ನು ವಿತರಕರೇ ಕಿತ್ತು ಸಾಧಾರಣ ಕಾರಾಗಿ ಮಾರಿದ್ದೂ ಉಂಟು.

ಇಂದು ಆ ಕಾರುಗಳಿಗೆ ಲಕ್ಷಾಂತರ ಡಾಲರು ಬೆಲೆ. ‘ಒಂದು ತಿರುಪೂ ಬದಲಾಗಿರಬಾರದು, ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕು’ ಎನ್ನುವ ಮೂಲನಿಷ್ಠರು ಸೂಪರ್‌ಬರ್ಡ್‌ನ ವಿನೈಲ್ ಹೊದಿಕೆಯನ್ನೂ ಅದರ ಕೆಳಗಿನ ಒರಟು ಬೆಸುಗೆಯನ್ನೂ ಯಥಾವತ್ತಾಗಿ ಕಾಪಾಡುತ್ತಾರೆ. ಮೂಲವೆಂದು ಅವರು ಪೂಜಿಸುತ್ತಿರುವುದು ಅವಸರದಲ್ಲಿ ಮೈ ತಿದ್ದಿದ ಒಂದು ಕಾರನ್ನೇ ಎಂಬುದು ಈ ಚರಿತ್ರೆಯ ಒಂದು ಸ್ವಾರಸ್ಯ.

ತೆಗೆದುಹಾಕಿದ ವಿನ್ಯಾಸಕ

ಈ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ವ್ಯಕ್ತಿ ಲ್ಯಾರಿ ಶಿನೋಡ. 1930ರಲ್ಲಿ ಲಾಸ್ ಏಂಜಲೀಸಿನಲ್ಲಿ ಜಪಾನೀ ಮೂಲದ ಕುಟುಂಬದಲ್ಲಿ ಹುಟ್ಟಿದ ಈತ, ಯುದ್ಧಕಾಲದಲ್ಲಿ ಅಮೆರಿಕ ಸರಕಾರ ತನ್ನದೇ ಪ್ರಜೆಗಳನ್ನು ಕೂಡಿಹಾಕಿದ ಮ್ಯಾನ್ಜನಾರ್ ಶಿಬಿರದಲ್ಲಿ ಬಾಲ್ಯದ ಕೆಲವು ವರ್ಷ ಕಳೆದವನು. ಬಿಡುಗಡೆಯಾದ ಮೇಲೆ ಹಳೆಯ ಕಾರುಗಳನ್ನು ತಿದ್ದಿ ಓಡಿಸುವ ಹುಡುಗರ ಗುಂಪಿನಲ್ಲಿ ಬೆಳೆದ. ಆ ಗ್ಯಾರೇಜಿನ ಅನುಭವವನ್ನೇ ಹೊತ್ತುಕೊಂಡು ಡೆಟ್ರಾಯಿಟ್ಟಿನ ವಿನ್ಯಾಸ ಶಾಲೆಗಳನ್ನು ಪ್ರವೇಶಿಸಿ, 1963ರ ಕಾರ್ವೆಟ್ ಸ್ಟಿಂಗ್‌ರೇ ರೂಪಿಸಿದವರಲ್ಲಿ ಒಬ್ಬನಾದ.

1968ರಲ್ಲಿ ಫೋರ್ಡ್ ಸಂಸ್ಥೆಗೆ ಬಂದಾಗ ಅವನ ಮುಂದೆ 1969ರ ಮಸ್ಟಂಗ್ ಇತ್ತು. ಇಳಿಜಾರು ಬೆನ್ನಿನ ಆ ಕಾರಿನ ಹಿಂಬದಿಯ ಪಕ್ಕೆಗಳ ಮೇಲೆ, ಕಿಟಕಿಯ ಹಿಂದೆ, ಗಾಳಿ ಒಳಗೆಳೆಯುವಂತೆ ಕಾಣುವ ಒಂದೊಂದು ಸುಳ್ಳು ಬಾಯಿ. ಓಟದ ಸ್ಪರ್ಧೆಗಾಗಿ ‘ಬಾಸ್ 302’ ಎಂಬ ವಿಶೇಷ ಮಾದರಿಯನ್ನು ರೂಪಿಸುವ ಹೊಣೆ ಹೊತ್ತ ಶಿನೋಡ ಅವನ್ನು ತೆಗೆದುಹಾಕಿಸಿದ. ಅಲಂಕಾರದ ತುಣುಕುಗಳನ್ನೂ ಕಿತ್ತ. ಮೂತಿಯ ಕೆಳಗೆ ಗಾಳಿಯನ್ನು ತಡೆಯುವ ಒಂದು ಪಟ್ಟಿ, ಹಿಂಗಾಜಿನ ಮೇಲೆ ಕಪ್ಪು ಜಾಲರಿ, ಡಿಕ್ಕಿಯ ಮೇಲೆ ಒಂದು ರೆಕ್ಕೆ, ಪಕ್ಕೆಯ ಮೇಲೆ ಒಂದು ಕಪ್ಪು ಗೆರೆ ಇಷ್ಟನ್ನೇ ಸೇರಿಸಿದ. 1969ರಲ್ಲಿ ಅಂಥವು 1,628 ತಯಾರಾದವು. ಮುಂದಿನ ವರ್ಷ ಇಳಿಜಾರು ಬೆನ್ನಿನ ಎಲ್ಲ ಮಸ್ಟಂಗ್‌ಗಳ ಪಕ್ಕೆಯಿಂದಲೂ ಆ ಸುಳ್ಳು ಬಾಯಿಗಳು ಮಾಯವಾದವು. ಶಿನೋಡ 1997ರಲ್ಲಿ ತೀರಿಕೊಂಡ. ಅವನ ಕೆಲಸ ನನಗೆ ಕಲಿಸಿದ್ದು ಇಷ್ಟು: ಕಾರಿನ ಒಂದು ಗೆರೆ ಏಕೆ ಅಲ್ಲಿದೆ ಎಂದು ಬಲ್ಲವನಿಗೆ ಮಾತ್ರ ಅದನ್ನು ಅಳಿಸುವ ಅಧಿಕಾರ.

ಅಸ್ತ ಮತ್ತು ಪುನರುತ್ಥಾನ

1970ರ ವಾಯು ಶುದ್ಧೀಕರಣ ಕಾಯಿದೆ, ಏರಿದ ವಿಮೆ, 1973ರ ಅಕ್ಟೋಬರಿನ ತೈಲ ನಿರ್ಬಂಧ, ಅದೇ ವರ್ಷದಿಂದ ಜಾರಿಗೆ ಬಂದ ಭಾರಿ ಬಂಪರುಗಳ ನಿಯಮ, ಇವೆಲ್ಲ ಸೇರಿ ಮಸಲ್ ಕಾರಿನ ಯುಗವನ್ನು ಮುಗಿಸಿದವು. ಕಾರ್ಖಾನೆ ಕೈಬಿಟ್ಟ ಕೆಲಸವನ್ನು ಗ್ಯಾರೇಜು ಮುಂದುವರಿಸಿತು. 1970ರ ದಶಕದ ಕೊನೆಯಲ್ಲಿ ‘ಪ್ರೋ ಸ್ಟ್ರೀಟ್’ ಎಂಬ ಪಂಥ ಹುಟ್ಟಿತು. ಹೊರ ಪಕ್ಕೆಯನ್ನು ಮುಟ್ಟದೆ, ಒಳಗಿನ ಚಕ್ರದ ಗೂಡುಗಳನ್ನು ಕತ್ತರಿಸಿ ಅತಿ ಅಗಲದ ಟೈರುಗಳನ್ನು ತುರುಕುವುದು ಅದರ ರೀತಿ. 1990ರ ದಶಕದಿಂದ ಬೆಳೆದ ‘ಪ್ರೋ ಟೂರಿಂಗ್’ ಪಂಥದವರು ಹಳೆಯ ಕಾರು ಹೊಸ ಕಾರಿನಂತೆ ತಿರುವುಗಳಲ್ಲಿಯೂ ಓಡಬೇಕೆಂದರು. ಮಡ್‌ಗಾರ್ಡುಗಳನ್ನು ಒಂದಿಷ್ಟೇ ಅಗಲಿಸುವುದು, ಬಂಪರನ್ನು ಮೈಗೆ ಅಂಟಿದಂತೆ ಒಳತಳ್ಳುವುದು, ಚಾವಣಿಯ ನೀರಂಚನ್ನು ಕೆರೆದು ತೆಗೆಯುವುದು, ಬಾಗಿಲಿನ ಸುತ್ತಲಿನ ಸಂದನ್ನು ಎಲ್ಲೆಡೆ ಒಂದೇ ಅಳತೆಗೆ ತರುವುದು ಇವರ ವಿನ್ಯಾಸ. ನೋಡುವವನಿಗೆ ಏನೋ ಚೆನ್ನಾಗಿದೆ ಎನಿಸಬೇಕು, ಏನು ಬದಲಾಗಿದೆ ಎಂದು ಥಟ್ಟನೆ ಹೇಳಲಾಗಬಾರದು.

ಇಲ್ಲಿ ಒಂದು ತಾಂತ್ರಿಕ ಮಾತನ್ನು ಹೇಳುವುದು ಅವಶ್ಯ. ಮಸ್ಟಂಗ್, ಚಾರ್ಜರ್ ಮೊದಲಾದ ಕಾರುಗಳಿಗೆ ನಮ್ಮ ಲಾರಿಯಂತೆ ಬೇರೆ ಚಾಸಿಯಿಲ್ಲ. ಬೆಸೆದ ತಗಡಿನ ಮೈಯೇ ಭಾರ ಹೊರುತ್ತದೆ. ಚಕ್ರದ ಗೂಡನ್ನೋ ಕಂಬವನ್ನೋ ಕತ್ತರಿಸಿದವನು ಕತ್ತರಿಸಿದ್ದು ಎಲುಬನ್ನು. ಆ ಬಲವನ್ನು ಬೇರೆಡೆ ಉಕ್ಕಿನ ತೊಲೆ ಸೇರಿಸಿ ಮರಳಿಸದಿದ್ದರೆ ತಿರುವಿನಲ್ಲಿ ಕಾರು ಹೊರಳಿ, ಬಾಗಿಲು ಮುಚ್ಚದಂತಾಗುತ್ತದೆ.

2000ದಲ್ಲಿ ತೆರೆಕಂಡ ‘ಗಾನ್ ಇನ್ 60 ಸೆಕೆಂಡ್ಸ್’ ಚಲನಚಿತ್ರದ ‘ಎಲನೋರ್’ ಎಂಬ 1967ರ ಮಸ್ಟಂಗ್ ಈ ಅಭಿರುಚಿಯನ್ನು ಜಗತ್ತಿಗೆಲ್ಲ ಹರಡಿತು. ಅಗಲಿಸಿದ ಮಡ್‌ಗಾರ್ಡು, ಮೂತಿಯ ನಡುವೆ ಎರಡು ದೀಪ, ಪಕ್ಕೆಯಲ್ಲಿ ಹೊಗೆಕೊಳವೆ. ಅದನ್ನು ಅನುಕರಿಸಿದ ಕಾರುಗಳಿಗೆ ಲೆಕ್ಕವಿಲ್ಲ. ಆ ರೂಪದ ಹಕ್ಕು ಯಾರದೆಂಬ ಬಗ್ಗೆ ವರ್ಷಗಟ್ಟಲೆ ವ್ಯಾಜ್ಯ ನಡೆದು, ಕೃತಿಸ್ವಾಮ್ಯದ ರಕ್ಷಣೆ ಪಡೆಯುವಂಥ ‘ಪಾತ್ರ’ ಆ ಕಾರಲ್ಲವೆಂದು 2025ರ ಮೇ ತಿಂಗಳಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಇಂದು 1967ರ ಮಸ್ಟಂಗ್, 1969ರ ಕಮಾರೊ ಮುಂತಾದವುಗಳ ಇಡಿಯ ಮೈಯೇ ಹೊಸ ಉಕ್ಕಿನಲ್ಲಿ ಅಚ್ಚೊತ್ತಿ ಮಾರಾಟಕ್ಕೆ ಸಿಗುತ್ತದೆ. ಹಳೆಯ ಕಾರನ್ನು ಬೆಳಕಿನ ಕಿರಣಗಳಿಂದ ಅಳೆದು, ಗಣಕದಲ್ಲಿ ತಿದ್ದಿ, ಕಾರ್ಬನ್ ನಾರಿನಲ್ಲಿ ಹೊಸ ಪಕ್ಕೆ ಮಾಡಿಸಬಹುದು. ಕೈ ಬದಲಾಗಿದೆ; ಗೆರೆಯ ಪ್ರಶ್ನೆ ಹಾಗೆಯೇ ಇದೆ.

ನನ್ನ ಗ್ಯಾರೇಜಿನ ಕಾರು

ಈಗ ಮೊದಲು ಹೇಳಿದ ಮನೆಯ ಪ್ರಶ್ನೆಗೆ ಬರುತ್ತೇನೆ. ನಾನು 1988ರಲ್ಲಿ ಕೊಂಡ ಮಸ್ಟಂಗ್ ಬಾಸ್ ಅಲ್ಲ, ಸಾಧಾರಣ ಮಾದರಿ. ಮಿಷಿಗನ್ನಿನ ಚಳಿಗಾಲದ ರಸ್ತೆಯುಪ್ಪು ತಿಂದು ಅದರ ಪಕ್ಕೆಗಳು ಜರಡಿಯಾಗಿದ್ದವು. 1991ರ ಬೇಸಿಗೆಯಲ್ಲಿ ತುಕ್ಕು ತೆಗೆಯಲು ಕುಳಿತ ನಾನು, ಶಿನೋಡನ ಮೇಲಿನ ಅಭಿಮಾನದಿಂದ, ಎರಡೂ ಪಕ್ಕೆಯ ಸುಳ್ಳು ಬಾಯಿಗಳನ್ನು ಕತ್ತರಿಸಿ ಆ ಜಾಗಕ್ಕೆ ಸಪಾಟು ತಗಡು ಬೆಸೆಯಲು ತೊಡಗಿದೆ. ತಗಡಿನ ಶಾಸ್ತ್ರವೆಲ್ಲ ಬಲ್ಲೆನೆಂಬ ಹಮ್ಮಿನಿಂದ ಎಡಪಕ್ಕೆಯ ಸಂದನ್ನು ಒಂದೇ ಉಸಿರಿಗೆ ಉದ್ದಕ್ಕೂ ಬೆಸೆದುಬಿಟ್ಟೆ. ಒಂದು ಮಿಲಿಮೀಟರಿಗಿಂತ ತೆಳುವಾದ ಉಕ್ಕು. ಕಾದು ಹಿಗ್ಗಿ, ತಣಿದು ಕುಗ್ಗಿ, ಸುಟ್ಟ ಹಪ್ಪಳದಂತೆ ಅಲೆಯಲೆಯಾಯಿತು.

ಪಕ್ಕದ ಮನೆಯಲ್ಲಿದ್ದವರು ನಲವತ್ತು ವರ್ಷ ತಗಡಿನ ಕೆಲಸ ಮಾಡಿ ನಿವೃತ್ತರಾಗಿದ್ದ ಪೋಲಿಷ್ ಮೂಲದ ಹಿರಿಯರು. ನಮ್ಮ ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ ಪಳಗಿದ ಟಿಂಕರ್. ಅವರು ಬಂದು ನೋಡಿ ಬೈಯಲಿಲ್ಲ. ಬಲಪಕ್ಕೆಗೆ ಒಂದು ಚುಕ್ಕೆ ಬೆಸುಗೆ ಇಲ್ಲಿ, ಮುಂದಿನ ಚುಕ್ಕೆ ಅರ್ಧ ಅಡಿ ಆಚೆ, ನಡುವೆ ತಣಿಯಲು ಬಿಡುವು, ಹೀಗೆ ತೋರಿಸಿಕೊಟ್ಟರು. ಮೊದಲು ಚುಕ್ಕಿ, ಆಮೇಲೆ ಗೆರೆ. ನನ್ನ ತಾಯಿ ಬಾಗಿಲ ಮುಂದೆ ಬಿಡುತ್ತಿದ್ದ ರಂಗೋಲಿಯ ಕ್ರಮವೇ ಅದು. ಬಲಪಕ್ಕೆ ಕನ್ನಡಿಯಾಯಿತು. ಎಡಪಕ್ಕೆಯನ್ನು ಪುಟ್ಟಿ ಬಳಿದು ಮುಚ್ಚಿದೆ. ಹೊರಡುವಾಗ ಅವರು ಕಸದ ಬುಟ್ಟಿಯಿಂದ ಕತ್ತರಿಸಿದ ತುಂಡುಗಳನ್ನು ಎತ್ತಿ ನನ್ನ ಕೈಗಿತ್ತು, “ಇವನ್ನು ಎಸೆಯಬೇಡಿ. ನೀವು ಮಾಡಿದ್ದು ಸರಿಯೋ ತಪ್ಪೋ ಎಂದು ಮುಂದೆ ಯಾರಾದರೂ ಕೇಳಿದರೆ ತೋರಿಸಲು ಬೇಕಾಗುತ್ತದೆ” ಎಂದರು. ಅವರು ಈಗಿಲ್ಲ.

ಕೇಳುವವರು ಬಂದದ್ದು ಮೂವತ್ತು ವರ್ಷಗಳಾದ ಮೇಲೆ. ಕಾರು ಇನ್ನು ನಿನ್ನದು ಎಂದು ಮಗಳಿಗೆ ಹೇಳಿದಾಗ ಅವಳ ಗೆಳೆಯರು, ಪಕ್ಕೆಗೆ ಕಾರ್ಖಾನೆಯ ರೂಪದ ಹೊಸ ತಗಡು ಹಾಕಿಸಿ ಮೂಲಸ್ಥಿತಿಗೆ ತಂದರೆ ಬೆಲೆ ಹೆಚ್ಚುತ್ತದೆ ಎಂದು ಸಲಹೆ ಕೊಟ್ಟರು. ಅದು ನಿಜ. ನಾನು ಏನನ್ನೂ ಸಮರ್ಥಿಸಿಕೊಳ್ಳಲಿಲ್ಲ. ಅಟ್ಟದ ಮೇಲಿದ್ದ ಎರಡು ತುಂಡುಗಳನ್ನು ತಂದು ಮೇಜಿನ ಮೇಲಿಟ್ಟು, ಜಿ.ಟಿ.ಓ.ದ ಮುಚ್ಚಿದ ಬಾಯಿಗಳಿಂದ ಶಿನೋಡನವರೆಗೆ ಈ ಲೇಖನದಲ್ಲಿ ಬರೆದಿರುವುದನ್ನೇ ಹೇಳಿದೆ. ಅವಳು ಒಂದು ತುಂಡನ್ನು ಕೈಯಲ್ಲಿ ಹಿಡಿದು, ಆ ಬಾಯಿಯೊಳಗೆ ಬೆರಳಿಟ್ಟು ನೋಡಿದಳು. ಒಳಗೆ ದಾರಿಯಿರಲಿಲ್ಲ.

ಆಮೇಲೆ ಗ್ಯಾರೇಜಿಗೆ ಹೋಗಿ, ದೀಪ ಹಾಕಿ, ಹಿಂಚಕ್ರದ ಪಕ್ಕ ಮಂಡಿಯೂರಿ ಕುಳಿತು, ಪಕ್ಕೆಯುದ್ದಕ್ಕೂ ಬೆಳಕಿನ ಗೆರೆ ಹೇಗೆ ಹರಿಯುತ್ತದೆಂದು ನೋಡಿದಳು. ಯಾವ ಕಾರಿನ ಮೈಗೆಲಸವನ್ನಾದರೂ ಪರೀಕ್ಷಿಸುವ ಕ್ರಮ ಅದೇ. ಪ್ರತಿನಿಧಿ ಬಂಧುಗಳು ಮುಂದೆಂದಾದರೂ ಹಳೆಯ ಕಾರುಗಳ ಮೇಳಕ್ಕೆ ಹೋದರೆ ಹಾಗೆ ಕುಳಿತು ನೋಡಬೇಕೆಂದು ನನ್ನ ವಿನಂತಿ. ಬಲಗಡೆ ಗೆರೆ ನೇರವಾಗಿ ಹರಿಯಿತು. ಎಡಗಡೆ ಮೂರು ಕಡೆ ನಡುಗಿತು.

“ಅಪ್ಪ, ಬಾಯಿ ಮುಚ್ಚಿದ್ದು ಹಾಗೇ ಇರಲಿ,” ಎಂದಳು. “ಆದರೆ ಈ ಪುಟ್ಟಿ ಕೆರೆದು ತೆಗೆದು, ಎಡಗಡೆ ನಾನು ಮತ್ತೆ ಬೆಸೆಯುತ್ತೇನೆ. ಚುಕ್ಕಿ ಹೇಗೆ ಇಡಬೇಕು ಅಂತ ನೀನು ತೋರಿಸು.”

ಕೆಲಸ ನಡೆದಿದೆ. ಎರಡು ತುಂಡುಗಳಿಗೂ ಅವಳು ಚೀಟಿ ಕಟ್ಟಿ, ಕತ್ತರಿಸಿದ ವರ್ಷವನ್ನೂ ಕಾರಣವನ್ನೂ ಬರೆದು ಮತ್ತೆ ಅಟ್ಟಕ್ಕೇರಿಸಿದ್ದಾಳೆ.